ಅಪ್ಪನ ಹೆಸರಿನಲ್ಲಿದ್ದ ಮನೆ ಮಾರಬೇಕು, ಯಾರ ಯಾರ ಸಹಿ ಬೇಕು?

ಹಿರೀಮಗ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಮೂವತ್ತು ನಲವತ್ತರ ನಿವೇಶನದ ಮನೆ ಇದೆ. ನಿವೇಶನ ಹಂಚುತ್ತಿದ್ದ ಸಿಐಟಿಬಿ (ನಗರ ಸುಧಾರಣಾ ಮಂಡಳಿ) ಕಾಲದಲ್ಲಿ, 1986ರಲ್ಲಿ, ಅಪ್ಪನಿಗೆ ಹಂಚಿಕೆಯಾದದ್ದು. ಅಪ್ಪ 2019ರಲ್ಲಿ ತೀರಿಕೊಂಡರು, ವಿಲ್ ಬರೆದಿರಲಿಲ್ಲ. ಆಮೇಲೆ ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸಿದೆವು. ಮಕ್ಕಳು ನಾನು ಮತ್ತು ತಂಗಿ, ಇಬ್ಬರೇ. ತಂಗಿ ಕೆನಡಾದಲ್ಲಿದ್ದಾಳೆ. ಅಮ್ಮನಿಗೆ ಈಗ ಮೆಟ್ಟಿಲು ಹತ್ತಲಾಗುವುದಿಲ್ಲ, ಇದನ್ನು ಮಾರಿ ಲಿಫ್ಟ್ ಇರುವ ಕಡೆ ಒಂದು ಫ್ಲಾಟ್ ಕೊಳ್ಳೋಣವೆಂದು ನಿರ್ಧರಿಸಿದ್ದೇವೆ.

ಮಂಡ್ಯದ ದಂಪತಿ ಬಂದು ನೋಡಿ 96 ಲಕ್ಷಕ್ಕೆ ಮಾತು ಮುಗಿದಿದೆ. ಬ್ರೋಕರ್ ಹೇಳುವುದು ಹೀಗೆ: ‘ಖಾತೆ ಅಮ್ಮನ ಹೆಸರಿನಲ್ಲಿದೆ, ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಒಂದು ಕಲೆಯೂ ಇಲ್ಲ, ಅಮ್ಮ ಒಬ್ಬರೇ ಸಹಿ ಹಾಕಿದರೆ ಸಾಕು. ಮಗಳನ್ನು ಅಷ್ಟು ದೂರದಿಂದ ಏಕೆ ಕರೆಸುತ್ತೀರಿ?’ ಅವರ ಮಾತು ಸರಿಯೇ? ಮುಂದಿನ ವಾರ ಮುಂಗಡ ತೆಗೆದುಕೊಳ್ಳುವುದಿದೆ.

ಒಂಟಿಕೊಪ್ಪಲಿನವರು

ಸರಿಯಾಗಿಯೇ ಹೇಳಿದ್ದಾರೆ. ನಮ್ಮ ಸೋದರಮಾವನ ಮನೆಯನ್ನು 2008ರಲ್ಲಿ ಹೀಗೆಯೇ ಮಾರಿದೆವು. ಅತ್ತೆಯ ಹೆಸರಿನಲ್ಲಿ ಖಾತೆ ಇತ್ತು, ಅವರೇ ಸಹಿ ಹಾಕಿದರು. ಇಂದಿನವರೆಗೆ ಯಾರೂ ಬಂದು ಕೇಳಿಲ್ಲ.

ಚಕ್ಕುಬಂದಿ

ಯಾರೂ ಕೇಳಿಲ್ಲ ಎಂದರೆ ಕೇಳುವ ಹಕ್ಕು ಯಾರಿಗೂ ಇರಲಿಲ್ಲ ಎಂದಲ್ಲ, ಮೇಡಂ. ನಿಮ್ಮ ಬಂಧುಗಳು ಒಳ್ಳೆಯವರು ಎಂದಷ್ಟೇ ಅರ್ಥ.

ನಾನು ಮೂವತ್ತು ವರ್ಷ ಪತ್ರ ಬರೆದವನು. ಖಾತೆ ಎನ್ನುವುದು ಕಂದಾಯವನ್ನು ಯಾರಿಂದ ವಸೂಲು ಮಾಡಬೇಕು ಎಂದು ಪಾಲಿಕೆ ಇಟ್ಟುಕೊಂಡ ಪುಸ್ತಕ. ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ನ್ಯಾಯಾಲಯಗಳು ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಜನ ‘ಖಾತೆ ಆಯಿತು, ಮನೆ ನಮ್ಮದಾಯಿತು’ ಎಂದು ಸಿಹಿ ಹಂಚುವುದನ್ನು ಬಿಟ್ಟಿಲ್ಲ. ಅಪ್ಪ ವಿಲ್ ಬರೆಯದೆ ಹೋದ ದಿನವೇ ಆ ಮನೆ ಹಲವರ ಮನೆಯಾಯಿತು. ಖಾತೆ ಆಮೇಲಿನ ಮಾತು.

ಇನ್ನೊಂದು ಪ್ರಶ್ನೆ. ಸಿಐಟಿಬಿ ಹಂಚಿಕೆ ಎಂದಿರಿ. ಆಗ ಮೊದಲು ಕೊಡುತ್ತಿದ್ದುದು ಲೀಸ್ ಕಮ್ ಸೇಲ್ ಕರಾರು, ಅಂದರೆ ಮೊದಲು ಗುತ್ತಿಗೆ, ಆಮೇಲೆ ಮಾರಾಟ. ಷರತ್ತಿನ ಅವಧಿ ಮುಗಿದ ಮೇಲೆ ಬರುವ ಶುದ್ಧ ಕ್ರಯಪತ್ರ ನಿಮ್ಮ ಕೈಯಲ್ಲಿ ಇದೆಯೇ? ಎಷ್ಟೋ ಮನೆಗಳಲ್ಲಿ ಆ ಕರಾರನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿಟ್ಟು ಕ್ರಯಪತ್ರವೆಂದು ತಿಳಿದುಕೊಂಡಿರುತ್ತಾರೆ.

ಹಿರೀಮಗ

ಅಪ್ಪ ಆ ವಿಷಯದಲ್ಲಿ ಶಿಸ್ತಿನವರು. 1997ರಲ್ಲಿ ಮುಡಾದಿಂದ (ನಗರಾಭಿವೃದ್ಧಿ ಪ್ರಾಧಿಕಾರ) ಕ್ರಯಪತ್ರ ಮಾಡಿಸಿಕೊಂಡಿದ್ದಾರೆ, ಮೂಲ ಪ್ರತಿ ಬೀರುವಿನಲ್ಲಿದೆ.

ಕಬ್ಬಿನಗದ್ದೆ

ಯಾವ ಮುಡಾ? ನಮ್ಮ ಮಂಡ್ಯದ್ದೂ ಮುಡಾ, ನಿಮ್ಮ ಮೈಸೂರಿನದೂ ಮುಡಾ ಆಗಿತ್ತಲ್ಲ.

ಚಕ್ಕುಬಂದಿ

ಕುವೆಂಪುನಗರ ಮಂಡ್ಯಕ್ಕೆ ಹೋಗಿಲ್ಲ ಸ್ವಾಮಿ. 1903ರಲ್ಲಿ ಶುರುವಾದ ಸಿಐಟಿಬಿ 1988ರಲ್ಲಿ ಮುಡಾ ಆಯಿತು, ಈಗ ಅದರ ಹೆಸರು ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಹಂಚಿಕೆ ಪತ್ರದಲ್ಲಿ ಒಂದು ಹೆಸರು, ಕ್ರಯಪತ್ರದಲ್ಲಿ ಇನ್ನೊಂದು ಹೆಸರು ಕಂಡು ಕೊಳ್ಳುವವರು ಗಾಬರಿಯಾಗಬೇಕಾಗಿಲ್ಲ.

ಚಾಮರಾಜಪುರಂ ವಕೀಲೆ

ಮೂಲ ಪ್ರಶ್ನೆಗೆ ಬರುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಇಲ್ಲದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಸಮನಾಗಿ ಹೋಗುತ್ತದೆ. ಹೆಂಡತಿಗೆ ಒಂದು ಪಾಲು, ಪ್ರತಿ ಮಗನಿಗೂ ಮಗಳಿಗೂ ಒಂದೊಂದು ಪಾಲು. ಆದ್ದರಿಂದ ತಂಗಿಯ ಸಹಿ ಬೇಕೇ ಬೇಕು, ನಿಮ್ಮದೂ ಬೇಕು. ಅವಳ ಮದುವೆಗೆ ಎಷ್ಟು ಖರ್ಚು ಮಾಡಿದಿರಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ಹಾಗೆ ಕೇಳಿಲ್ಲ, ಆದರೆ ಪ್ರತಿ ಸಲವೂ ಯಾರಾದರೊಬ್ಬರು ಕೇಳುವುದರಿಂದ ಮೊದಲೇ ಹೇಳಿದೆ.

ಬ್ರೋಕರ್ ಕೇಳದ, ನೀವೂ ಬರೆಯದ ಒಂದು ಸಂಗತಿ ಉಳಿದಿದೆ. 2019ರಲ್ಲಿ ನಿಮ್ಮ ತಂದೆ ತೀರಿಕೊಂಡಾಗ ಅವರ ತಾಯಿ ಬದುಕಿದ್ದರೇ?

ಹಿರೀಮಗ

ಇದ್ದರು. ಅಜ್ಜಿ ಪಾಂಡವಪುರದ ಹತ್ತಿರ ಊರಿನಲ್ಲಿ ಚಿಕ್ಕಪ್ಪನ ಜೊತೆ ಇದ್ದರು, 2022ರಲ್ಲಿ ಹೋದರು. ಆದರೆ ಈ ಮನೆಗೂ ಅವರಿಗೂ ಏನು ಸಂಬಂಧ? ಇಲ್ಲಿ ಒಂದು ವಾರಕ್ಕಿಂತ ಹೆಚ್ಚು ಉಳಿದವರೇ ಅಲ್ಲ.

ಚಾಮರಾಜಪುರಂ ವಕೀಲೆ

ಸಂಬಂಧವಿದೆ. ತಾಯಿಯೂ ಮೊದಲ ವರ್ಗದ ವಾರಸುದಾರಳು. ಹೆಂಡತಿ ಮಕ್ಕಳನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಹೆತ್ತವಳನ್ನು ಮರೆಯುತ್ತಾರೆ. ನಮ್ಮ ಕಡೆ ಹಕ್ಕಿನ ತಕರಾರುಗಳು ಹುಟ್ಟುವ ಜಾಗಗಳಲ್ಲಿ ಇದೂ ಒಂದು. ಸತ್ತವನ ತಂದೆ ಬದುಕಿದ್ದರೆ ಅವರು ಎರಡನೆಯ ವರ್ಗ, ಅವರಿಗೆ ಪಾಲು ಬರುತ್ತಿರಲಿಲ್ಲ. ತಾಯಿಗೆ ಬರುತ್ತದೆ.

ಲೆಕ್ಕ ನೋಡಿ. 2019ರಲ್ಲಿ ಅಮ್ಮ, ನೀವು, ತಂಗಿ, ಅಜ್ಜಿ, ನಾಲ್ವರಿಗೂ ಕಾಲು ಕಾಲು ಪಾಲು. 2022ರಲ್ಲಿ ಅಜ್ಜಿ ಹೋದಾಗ ಅವರ ಕಾಲು ಪಾಲು ಅವರ ಮಕ್ಕಳಿಗೆ ಇಳಿಯಿತು. ಮೊದಲೇ ತೀರಿಕೊಂಡ ಮಗನ ಪಾಲು ಆ ಮಗನ ಮಕ್ಕಳಿಗೆ ಸೇರುತ್ತದೆ. ಅಜ್ಜಿಗೆ ಎಷ್ಟು ಜನ ಮಕ್ಕಳು? ಅಜ್ಜ ಮೊದಲೇ ಹೋಗಿದ್ದರೇ? ಅಜ್ಜಿ ವಿಲ್ ಬರೆದಿದ್ದರೇ?

ಹಿರೀಮಗ

ಅಪ್ಪ, ಚಿಕ್ಕಪ್ಪ, ಮದ್ದೂರಿನಲ್ಲಿರುವ ಅತ್ತೆ, ಮೂವರು. ಅಜ್ಜ ನಾನು ಶಾಲೆಗೆ ಸೇರುವ ಮೊದಲೇ ಹೋಗಿದ್ದರು. ವಿಲ್ ಇಲ್ಲ.

ಚಾಮರಾಜಪುರಂ ವಕೀಲೆ

ಹಾಗಾದರೆ ಅಜ್ಜಿಯ ಕಾಲು ಪಾಲು ಮೂರು ಭಾಗವಾಗಿ ತಲಾ ಹನ್ನೆರಡರಲ್ಲಿ ಒಂದು. ಚಿಕ್ಕಪ್ಪನಿಗೆ ಒಂದು, ಅತ್ತೆಗೆ ಒಂದು, ನಿಮ್ಮ ತಂದೆಯ ಭಾಗ ನಿಮಗೂ ತಂಗಿಗೂ ಅರ್ಧರ್ಧ. ಈ ಕಂತಿನಲ್ಲಿ ಅಮ್ಮನಿಗೆ ಏನೂ ಇಲ್ಲ, ಸೊಸೆಗೆ ಅತ್ತೆಯ ಆಸ್ತಿಯಲ್ಲಿ ಹೀಗೆ ಪಾಲು ಇಳಿಯುವುದಿಲ್ಲ. ಒಟ್ಟು ಇಪ್ಪತ್ನಾಲ್ಕು ಪಾಲು ಎಂದಿಟ್ಟುಕೊಂಡರೆ ಅಮ್ಮನಿಗೆ 6, ನಿಮಗೆ 7, ತಂಗಿಗೆ 7, ಚಿಕ್ಕಪ್ಪನಿಗೆ 2, ಅತ್ತೆಗೆ 2. ಮನೆಯ ಬೆಲೆ 96 ಲಕ್ಷವಾದರೆ ಚಿಕ್ಕಪ್ಪನಿಗೂ ಅತ್ತೆಗೂ ತಲಾ 8 ಲಕ್ಷ.

ಮುಂಗಡ ಈಗಲೇ ತೆಗೆದುಕೊಳ್ಳಬೇಡಿ.

ಹಿರೀಮಗ

ಇದನ್ನು ಓದಿ ಅಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ನಿನ್ನ ಚಿಕ್ಕಪ್ಪ ಈ ಮನೆಯ ಗೋಡೆಗೆ ಒಂದು ಇಟ್ಟಿಗೆ ತಂದುಕೊಟ್ಟಿದ್ದಾನೆಯೇ?’ ಎಂದರು. ನನಗೂ ಅದೇ ಪ್ರಶ್ನೆ. ಚಿಕ್ಕಪ್ಪನಿಗೆ ಇದು ಗೊತ್ತೇ ಇರಲಾರದು. ಹೇಳದೆಯೇ ಮಾರಿಬಿಟ್ಟರೆ?

ಕಬ್ಬಿನಗದ್ದೆ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಕೊಳ್ಳುವವರು ಸಾಲ ಮಾಡಿದರೆ ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳುತ್ತಾರೆ, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಬರುತ್ತದೆ, ಪಾಂಡವಪುರದಲ್ಲಿಯೂ ಪತ್ರಿಕೆ ಓದುವವರಿದ್ದಾರೆ.

ನನ್ನ ಕಥೆ ಹೇಳುತ್ತೇನೆ. ಮಂಡ್ಯದ ಹೊರವಲಯದಲ್ಲಿ ಒಂದು ನಿವೇಶನ ಕೊಂಡೆ. ಇಸಿ ತೆಗೆಸಿದೆ, ಶುದ್ಧ. ಪಹಣಿ ನೋಡಿದೆ, ಮಾರಿದವನದೇ ಹೆಸರು. ಮೂರು ವರ್ಷದ ನಂತರ ಸಹಾಯಕ ಆಯುಕ್ತರ ನ್ಯಾಯಾಲಯದಿಂದ ನೋಟಿಸ್ ಬಂತು. ಆ ಜಮೀನು ಒಂದು ಕಾಲದಲ್ಲಿ ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ್ದು. 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನಿನ ಪರಭಾರೆ ಆಗುವಂತಿಲ್ಲ. 2023ರ ತಿದ್ದುಪಡಿ ಅಂಥ ಜಮೀನನ್ನು ಮರಳಿ ಕೇಳಲು ಕಾಲಮಿತಿ ಇಲ್ಲ ಎನ್ನುತ್ತದೆ. ಜಮೀನು ಕಳೆದುಕೊಂಡಿದ್ದ ಆ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ, ಅವರದನ್ನು ಅವರು ಕೇಳಿದರು. ‘ಇಸಿ ಶುದ್ಧ’ ಎಂದು ಹೇಳಿ ಹಣ ಎಣಿಸಿಕೊಂಡವನ ಮೇಲೆ ಇದೆ.

ಚಕ್ಕುಬಂದಿ

ಇಸಿಯ ಬಗ್ಗೆ ನಾನೂ ಹೇಳಬೇಕು. ನೋಂದಣಿ ಕಚೇರಿಯ ಪುಸ್ತಕಕ್ಕೆ ಬಂದದ್ದು ಮಾತ್ರ ಅದರಲ್ಲಿ ಕಾಣುತ್ತದೆ. ವಿಲ್ ಕಾಣುವುದಿಲ್ಲ, ನೋಂದಣಿಯಾಗದ ಕರಾರು ಕಾಣುವುದಿಲ್ಲ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಸಾಮಾನ್ಯವಾಗಿ ಕಾಣುವುದಿಲ್ಲ, ಸಾವು ಕಾಣುವುದಿಲ್ಲ. ಇಸಿ ಕೊಡುವುದು ನಮೂನೆ 15ರಲ್ಲಿ, ಅಜ್ಜಿ ತೀರಿಕೊಂಡದ್ದು ಯಾವ ನಮೂನೆ 15ರಲ್ಲಿ ಬರುತ್ತದೆ ಹೇಳಿ! ಆನ್‌ಲೈನ್‌ನಲ್ಲಿ ಸಿಗುವುದು 2004ರಿಂದ ಈಚಿನದು, ಅದಕ್ಕಿಂತ ಹಿಂದಿನದಕ್ಕೆ ಕಚೇರಿಗೆ ಅರ್ಜಿ ಹಾಕಬೇಕು. ಮನೆ ಸಂಖ್ಯೆಯೋ ಚಕ್ಕುಬಂದಿಯೋ (ನಾಲ್ಕು ದಿಕ್ಕಿನ ಗಡಿಯ ವಿವರ) ತಪ್ಪಾಗಿ ದಾಖಲಾಗಿದ್ದರೆ ಇರುವ ಅಡಮಾನವೂ ತಪ್ಪಿಸಿಕೊಂಡು ಹೋಗುತ್ತದೆ. ಅದಕ್ಕೇ ಹಳೆಯ ಪತ್ರದ ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದುಕೊಂಡು ಜಾಗದ ನಾಲ್ಕೂ ಕಡೆ ನಡೆದು ನೋಡಬೇಕು. ಪೂರ್ವಕ್ಕೆ ‘ಖಾಲಿ ನಿವೇಶನ’ ಎಂದು ಬರೆದಿರುತ್ತದೆ, ಅಲ್ಲಿ ಮೂರಂತಸ್ತಿನ ಕಟ್ಟಡ ನಿಂತಿರುತ್ತದೆ.

ಬೋಗಾದಿ ಬಾಡಿಗೆಮನೆ

ಚರ್ಚೆ ಕದಿಯುತ್ತಿದ್ದೇನೆ, ಕ್ಷಮಿಸಿ. ಬೋಗಾದಿಯ ಕಡೆ ಒಂದು ಮನೆ ನೋಡಿದ್ದೇವೆ. ಮಾರುವವರು ‘ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮತ್ತು ಕರಾರು ಮಾಡಿಕೊಡುತ್ತೇವೆ, ಸ್ವಾಧೀನ ಕೊಡುತ್ತೇವೆ, ನೋಂದಣಿ ಆಮೇಲೆ ನೋಡೋಣ’ ಎನ್ನುತ್ತಾರೆ. ಬೆಲೆಯಲ್ಲಿ ಹತ್ತು ಲಕ್ಷ ಕಡಿಮೆ.

ಚಾಮರಾಜಪುರಂ ವಕೀಲೆ

ಆ ಹತ್ತು ಲಕ್ಷ ಕಡಿಮೆಯಾದದ್ದೇಕೆ ಎಂದು ಅವರನ್ನೇ ಕೇಳಿ. ಜಿಪಿಎ ಮೂಲಕ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು. ಕರಾರಿನಲ್ಲಿ ಸ್ವಾಧೀನ ಕೊಟ್ಟಿದೆ ಎಂದು ಬರೆದರೆ ನಮ್ಮ ರಾಜ್ಯದಲ್ಲಿ ಕ್ರಯಪತ್ರಕ್ಕೆ ಬರುವಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಉಳಿತಾಯವೂ ಆಗುವುದಿಲ್ಲ, ಮನೆಯೂ ನಿಮ್ಮದಾಗುವುದಿಲ್ಲ.

ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆಯಾಯಿತು. ಹಿಂದೆ ಗ್ರಾಮ ಪಂಚಾಯಿತಿ ಕೊಟ್ಟ ದಾಖಲೆಯನ್ನು ತೋರಿಸಿ ‘ಖಾತೆ ಇದೆ’ ಎಂದರೆ ಒಪ್ಪಬೇಡಿ, ಈಗಿನ ಸ್ಥಳೀಯ ಸಂಸ್ಥೆಯ ಇ–ಖಾತಾ (ಗಣಕೀಕೃತ ಖಾತೆ) ಕೇಳಿ. ಅದು ಬಿ ಖಾತೆಯಾಗಿದ್ದರೆ ಬಡಾವಣೆಗೆ ಅನುಮೋದನೆ ಇಲ್ಲವೆಂದೇ ತಿಳಿಯಿರಿ.

ಭೋಗ್ಯದವನು

ನನ್ನದೂ ಒಂದು. ಮಂಡ್ಯದ ಅಶೋಕನಗರದಲ್ಲಿ 7 ಲಕ್ಷಕ್ಕೆ ಭೋಗ್ಯಕ್ಕಿದ್ದೇನೆ. ಛಾಪಾ ಕಾಗದದಲ್ಲಿ ಬರೆದುಕೊಂಡಿದ್ದೇವೆ. ಮಾಲೀಕರು ಮನೆ ಮಾರುತ್ತಿದ್ದಾರಂತೆ.

ಚಕ್ಕುಬಂದಿ

ನೋಂದಣಿ ಮಾಡಿಸಿಲ್ಲ ಎಂದಾಯಿತು. ಹಣ ಕೈಗೆ ಬರುವ ತನಕ ಬಾಗಿಲು ಬಿಡಬೇಡಿ, ಮನೆಯಲ್ಲಿ ನೀವಿರುವುದೇ ಕೊಳ್ಳುವವನಿಗೆ ತಿಳಿವಳಿಕೆ ಕೊಟ್ಟಂತೆ. ಕೊಳ್ಳುವವನಿಗೆ ನೀವೇ ಒಂದು ನೋಟಿಸ್ ಕಳಿಸಿ. ‘ಕ್ರಯದ ಹಣದಲ್ಲಿ 7 ಲಕ್ಷವನ್ನು ನೇರವಾಗಿ ಭೋಗ್ಯದಾರರಿಗೆ ಕೊಡತಕ್ಕದ್ದು’ ಎಂದು ಪತ್ರದಲ್ಲಿ ಬರೆಸಿಕೊಳ್ಳುವುದು ಎಲ್ಲರಿಗೂ ಕ್ಷೇಮ. ಮುಂದಿನ ಸಲ ನೋಂದಣಿ ಮಾಡಿಸಿ.

ಲೆಕ್ಕಿಗ

ಹಿರೀಮಗ ಅವರೇ, ಇನ್ನೂ ಯಾರೂ ತೆರಿಗೆಯ ಹೆಸರೆತ್ತಿಲ್ಲ. ಒಟ್ಟು ಬೆಲೆ 50 ಲಕ್ಷಕ್ಕೆ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿದು ಕಟ್ಟಬೇಕು. ನಿಮ್ಮ ಒಬ್ಬೊಬ್ಬರ ಪಾಲು 50 ಲಕ್ಷಕ್ಕಿಂತ ಕಡಿಮೆ ಎಂದು ತಪ್ಪಿಸಿಕೊಳ್ಳುವಂತಿಲ್ಲ, ನೋಡುವುದು ಇಡೀ ಆಸ್ತಿಯ ಬೆಲೆಯನ್ನು. ಅಮ್ಮ, ನೀವು, ಚಿಕ್ಕಪ್ಪ, ಅತ್ತೆಯ ಪಾಲು ಸೇರಿ 68 ಲಕ್ಷ, ಅದಕ್ಕೆ 68,000 ರೂಪಾಯಿ. ಪ್ರತಿಯೊಬ್ಬರ ಪ್ಯಾನ್‌ಗೂ ಬೇರೆ ಬೇರೆಯಾಗಿ ಕಟ್ಟಬೇಕು. ಚಿಕ್ಕಪ್ಪನ ಪ್ಯಾನ್ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿಸಿ.

ತಂಗಿಯ 28 ಲಕ್ಷದ ಕಥೆ ಬೇರೆ. ಅನಿವಾಸಿಗೆ ಶೇ 1ರ ನಿಯಮ ಅನ್ವಯಿಸುವುದಿಲ್ಲ. ದೀರ್ಘಾವಧಿ ಲಾಭದ ದರ ಶೇ 12.5, ಅದರ ಮೇಲೆ ಸೆಸ್. ಲಾಭ ಎಷ್ಟೆಂದು ಕೊಳ್ಳುವವರಿಗೆ ತಿಳಿಯದ್ದರಿಂದ ಸಾಮಾನ್ಯವಾಗಿ ಪೂರ್ತಿ ಮೊತ್ತದ ಮೇಲೆಯೇ ಕಡಿಯುತ್ತಾರೆ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ತಂಗಿ ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಕರಾರಿನ ಗಡುವಿನಲ್ಲಿ ಅದನ್ನೂ ಸೇರಿಸಿಕೊಳ್ಳಿ.

ನೀವು ಇಲ್ಲಿನ ನಿವಾಸಿಗಳು, ಆಸ್ತಿ 2024ರ ಜುಲೈ 23ಕ್ಕಿಂತ ಹಿಂದಿನದು. ಆದ್ದರಿಂದ ನಿಮ್ಮ ಲಾಭಕ್ಕೆ ತೆರಿಗೆ ಹಣದುಬ್ಬರದ ಸೂಚ್ಯಂಕ ಹಾಕಿ ಶೇ 20, ಇಲ್ಲವೇ ಸೂಚ್ಯಂಕವಿಲ್ಲದೆ ಶೇ 12.5, ಯಾವುದು ಕಡಿಮೆಯೋ ಅದು. ನಿವೇಶನ ಹಳೆಯದಾದ್ದರಿಂದ 2001ರ ಏಪ್ರಿಲ್ 1ರ ಮೌಲ್ಯವನ್ನು ಅಸಲಾಗಿ ಹಿಡಿಯಬಹುದು, ಮೌಲ್ಯಮಾಪಕರಿಂದ ವರದಿ ತೆಗೆಸಿ. ಅಮ್ಮ ಎರಡು ವರ್ಷದೊಳಗೆ ಫ್ಲಾಟ್ ಕೊಂಡರೆ ಅವರ ಲಾಭಕ್ಕೆ ವಿನಾಯಿತಿ ಉಂಟು, ಆದರೆ ಫ್ಲಾಟ್ ಅಮ್ಮನ ಹೆಸರಿನಲ್ಲೇ ಇರಲಿ.

ಒಂಟಿಕೊಪ್ಪಲಿನವರು

ಇಷ್ಟೆಲ್ಲ ಏಕೆ? ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆಗೆ ಪತ್ರ ಮಾಡಿಸಿ ಉಳಿದದ್ದನ್ನು ನಗದಿನಲ್ಲಿ ತೆಗೆದುಕೊಳ್ಳುವುದು ಎಲ್ಲರೂ ಮಾಡುವುದಲ್ಲವೇ?

ಲೆಕ್ಕಿಗ

ಮಾಡುತ್ತಾರೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಮೇಲೆ ನಗದು ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಇನ್ನೊಂದು ತಮಾಷೆ ಏನೆಂದರೆ, ಇಲ್ಲಿ ಮಾರುವವರು ಐವರು. ಪತ್ರದಲ್ಲಿ ಬರೆಯದ ಹಣವನ್ನು ಚಿಕ್ಕಪ್ಪನಿಗೆ ಯಾವ ಲೆಕ್ಕದಲ್ಲಿ ಹಂಚುತ್ತೀರಿ?

ಹಿರೀಮಗ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಮೊದಲು ಪಾಂಡವಪುರಕ್ಕೆ ಹೋದೆ. ಚಿಕ್ಕಪ್ಪನಿಗೆ ಹೇಳಿದಾಗ ಅವರು ನಂಬಲಿಲ್ಲ, ನಾನು ಏನನ್ನೋ ಬರೆಸಿಕೊಳ್ಳಲು ಬಂದಿದ್ದೇನೆ ಎಂದೇ ತಿಳಿದರು. ಊರಿನ ಜಮೀನಿನಲ್ಲಿ ಅಪ್ಪನ ಭಾಗವನ್ನು ಕೇಳಲು ಇದು ಪೀಠಿಕೆ ಎಂದು ಚಿಕ್ಕಮ್ಮ ಅಂದರು. ಇಲ್ಲಿ ಬರೆದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಮೂರು ದಿನ ಬಿಟ್ಟು ಫೋನ್ ಮಾಡಿ ‘ಎಂಟು ಲಕ್ಷ ಕೊಡುವುದಾದರೆ ಕೊಡು, ಬೇಡ ಎನ್ನುವಷ್ಟು ಸ್ಥಿತಿವಂತ ನಾನಲ್ಲ’ ಎಂದರು. ಆ ಮಾತು ನನಗೆ ಹಿಡಿಸಿತು.

ಮದ್ದೂರಿನ ಅತ್ತೆ ಹಣ ಬೇಡವೆಂದರು. ಅವರಿಗೆ ಬೇಕಾದದ್ದು ಹಿತ್ತಲಿನಲ್ಲಿರುವ ಒರಳುಕಲ್ಲು. ಅದು ಅಜ್ಜಿಯ ತವರಿನಿಂದ ಬಂದದ್ದಂತೆ, ಮನೆ ಕಟ್ಟಿದಾಗ ಅಪ್ಪ ಊರಿನಿಂದ ತಂದು ಹೂಳಿಸಿದ್ದರಂತೆ. ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಈಗ ನನ್ನ ಪ್ರಶ್ನೆ: ಇಬ್ಬರೂ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕೇ? ಚಿಕ್ಕಪ್ಪನ ಮಕ್ಕಳ ಸಹಿ?

ಚಾಮರಾಜಪುರಂ ವಕೀಲೆ

ಬೇರೆ ಬಿಡುಗಡೆ ಪತ್ರ ಮಾಡಿಸಿದರೆ ಅದಕ್ಕೊಂದು ಶುಲ್ಕ, ಒಂದು ನೋಂದಣಿ. ಐವರೂ ಮಾರಾಟಗಾರರಾಗಿ ಒಂದೇ ಕ್ರಯಪತ್ರಕ್ಕೆ ಸಹಿ ಹಾಕುವುದು ಸರಳ. ಅವರಿಬ್ಬರನ್ನು ಬರೀ ಒಪ್ಪಿಗೆ ಸಾಕ್ಷಿಗಳಾಗಿ ತೋರಿಸೋಣ ಎಂದು ಯಾರಾದರೂ ಹೇಳಬಹುದು. ನನಗೆ ಅದು ಒಪ್ಪಿಗೆಯಿಲ್ಲ, ಪಾಲಿರುವವರು ಮಾರಾಟಗಾರರಾಗಿಯೇ ಇರಲಿ. ಅತ್ತೆಯ 8 ಲಕ್ಷವೂ ಅವರ ಖಾತೆಗೇ ಹೋಗಲಿ, ಆಮೇಲೆ ಅದನ್ನು ಏನು ಮಾಡುತ್ತಾರೋ ಅವರಿಷ್ಟ. ಚಿಕ್ಕಪ್ಪನಿಗೆ ಬಂದದ್ದು ತಾಯಿಯಿಂದ ಬಂದ ಸ್ವಂತ ಪಾಲು, ಅವರ ಮಕ್ಕಳ ಸಹಿ ಬೇಕಾಗಿಲ್ಲ.

ಇ–ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಅಮ್ಮನೊಬ್ಬರ ಹೆಸರಿನ ಖಾತೆಯನ್ನು ಮೊದಲು ಐವರ ಜಂಟಿ ಇ–ಖಾತಾ ಮಾಡಿಸಿ. ಎರಡೂ ಮರಣ ಪ್ರಮಾಣಪತ್ರ, ನಾಡಕಚೇರಿಯ ಎರಡು ವಂಶವೃಕ್ಷ ಬೇಕು, ಒಂದು ತಂದೆಯದು, ಒಂದು ಅಜ್ಜಿಯದು. ತಂಗಿ ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ನಿಮಗೆ ಅಧಿಕಾರಪತ್ರ ಬರೆದುಕೊಡಲಿ, ಈ ಮನೆಯ ವಿವರ ಹಾಕಿ, ಈ ಮಾರಾಟಕ್ಕೆ ಮಾತ್ರ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ದಿನಾಂಕವನ್ನು ಜನ ಮರೆಯುತ್ತಾರೆ.

ಚಕ್ಕುಬಂದಿ

ಕೊಳ್ಳುವವರಿಗೆ ಖರ್ಚಿನ ಲೆಕ್ಕವನ್ನೂ ಈಗಲೇ ಹೇಳಿಬಿಡಿ, ಕೊನೆಯ ದಿನ ಮುಖ ಸಣ್ಣದಾಗುವುದು ಬೇಡ. ನಗರದಲ್ಲಿ ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಶೇ 5.6, ಅಂದರೆ 5,37,600. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ, ಅದು 1,92,000. ಒಟ್ಟು 7,29,600. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ವಿವರ ತುಂಬಿ, ಅವರು ಪರಿಶೀಲಿಸಿದ ಮೇಲೆ ಹಣ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಾದರೂ ಆಗುತ್ತದೆ.

ಒರಳುಕಲ್ಲಿನ ವಿಷಯ ನಗುವಂಥದಲ್ಲ. ನೆಲಕ್ಕೆ ಹೂತಿದ್ದರೆ ಅದು ಸ್ಥಿರಾಸ್ತಿ, ಪತ್ರದಲ್ಲಿ ಹೊರಗಿಡದಿದ್ದರೆ ಮನೆಯ ಜೊತೆ ಕೊಳ್ಳುವವರಿಗೆ ಹೋಗುತ್ತದೆ. ಅವರಿಗೂ ಅದರ ಮೇಲೆ ಮನಸ್ಸಿದ್ದರೆ?

ಹಿರೀಮಗ

ಇದೆ! ಆ ಮನೆಯಾಕೆ ನೋಡಲು ಬಂದ ದಿನವೇ ಅದರ ಮೇಲೆ ಕೈಯಾಡಿಸಿ ‘ಇದು ಇರುತ್ತದಲ್ಲ?’ ಎಂದು ಕೇಳಿದ್ದರು. ಬೇಸರಿಸಿಕೊಳ್ಳದೆ ಒಪ್ಪಿಸಬೇಕು.

ಹಿರೀಮಗ

ಮುಗಿಯಿತು. ಜಂಟಿ ಇ–ಖಾತಾಕ್ಕೆ ನಾವೆಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು, ಒಂದು ವಂಶವೃಕ್ಷದಲ್ಲಿ ಅಜ್ಜಿಯ ಹೆಸರು ತಪ್ಪಾಗಿ ಬಂದು ತಿದ್ದಿಸಬೇಕಾಯಿತು. ನಿನ್ನೆ ನೋಂದಣಿಯಾಯಿತು. ಅಮ್ಮನ ಹೆಬ್ಬೆರಳು ಯಂತ್ರಕ್ಕೆ ಸಿಗದೆ ನಾಲ್ಕು ಸಲ ಒತ್ತಿಸಿದರು. ಚಿಕ್ಕಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದಿದ್ದರು.

ಷೆಡ್ಯೂಲಿನ ಕೊನೆಯಲ್ಲಿ ‘ಹಿತ್ತಲಿನಲ್ಲಿ ಹೂತಿರುವ ಒರಳುಕಲ್ಲೊಂದನ್ನು ಹೊರತುಪಡಿಸಿ’ ಎಂದು ಬರೆಸಿದೆವು. ಅಧಿಕಾರಿ ಆ ಸಾಲನ್ನು ಎರಡು ಸಲ ಓದಿ ತಲೆಯೆತ್ತಿ ನಮ್ಮೆಲ್ಲರ ಮುಖ ನೋಡಿದರು, ಏನೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಅಗೆದು ತೆಗೆದೆವು, ಎತ್ತಲು ನಾಲ್ಕು ಜನ ಬೇಕಾಯಿತು. ಗೂಡ್ಸ್ ಆಟೋ ಈಗಷ್ಟೇ ಮದ್ದೂರಿಗೆ ಹೊರಟಿದೆ.